ಶುಕ್ರವಾರದ ಕೇಕು ಯಾರ ಸರದಿ

ಮ್ಯೂರಿಯಲ್ ಆಶ್‌ವರ್ತ್ ತಂದ ಶುಂಠಿ ಕೇಕನ್ನು ನಾನು ಮೂರು ಶುಕ್ರವಾರ ತಿಂದೆ. ಇದನ್ನು ಮೊದಲೇ ಹೇಳಿಬಿಡಬೇಕು, ಆಮೇಲೆ ಧೈರ್ಯ ಬರಲಿಕ್ಕಿಲ್ಲ.

ಅರವತ್ತಮೂರನೇ ಇಸವಿ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿದ್ದ ನಮ್ಮ ಕಂಪ್ಯೂಟರ್ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಆ ವಾರ ಯಾರ ತಪ್ಪಿನಿಂದ ಯಂತ್ರದ ಹೊತ್ತು ಹಾಳಾಯಿತೋ ಅವರೇ ಶುಕ್ರವಾರದ ಚಹಾಕ್ಕೆ ಕೇಕು ತರಬೇಕು. ಯಂತ್ರದ್ದೇ ತಪ್ಪು ಎನ್ನುವ ರೂಢಿ ಇರಲಿಲ್ಲ.

ಮ್ಯೂರಿಯಲ್, ಯಂತ್ರ ಓದಲೆಂದು ಕಾಗದದ ಪಟ್ಟಿಗೆ ತೂತು ಹೊಡೆಯುವ ಕೋಣೆಯಿಂದ ಬಂದವಳು. ಸ್ವಂತ ಬುದ್ಧಿಯಿಂದ ಪ್ರೋಗ್ರಾಂ ಬರೆಯುವ ಮಟ್ಟಕ್ಕೆ ಏರಿದ್ದಳು. ಬಂದರಿನ ಉಬ್ಬರದ ಲೆಕ್ಕ ಅವಳ ಕೆಲಸ. ಆ ಲೆಕ್ಕ ಮೂರು ವಾರವೂ ತಪ್ಪು ಬಂತು. ಯಂತ್ರವೇ ಏನನ್ನೋ ಮರೆಯುತ್ತಿದೆ ಎಂದು ಅವಳು ಒಮ್ಮೆ ಅಂದಳು. ನಮ್ಮ ಮೇಲಧಿಕಾರಿ ಕ್ಲೆಗ್ ಸಾಹೇಬರು ಬಿಡಲಿಲ್ಲ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ನಿನ್ನ ಪಟ್ಟಿ ಸರಿಯಾಗಿ ನೋಡ್ಕೋ ತಾಯಿ. ಇನ್ನೊಂದು ಸಲ ಹೀಗಾದ್ರೆ ತೂತು ಹೊಡೆಯೋ ಕೋಣೆಗೇ ವಾಪಸ್."

ನೆಲವೇ ಡೊಂಕಾಗಿತ್ತು. ಡೊಂಕು ಮಾಡಿದವನು ನಾನು.

ಯಂತ್ರದ ಚುರುಕು ನೆನಪು ಅಡುಗೆಮನೆಯ ಗೂಡಿನಷ್ಟು ಚಿಕ್ಕದು. ಹಿಂದಿರುವ ಡ್ರಮ್ಮು ಅಟ್ಟದಂತೆ, ದೊಡ್ಡದು, ನಿಧಾನ. ಗೂಡು ತುಂಬಿದಾಗ ಯಾವ ಪುಟವನ್ನು, ಅಂದರೆ ಅಂಕಿಗಳ ಯಾವ ಕಂತೆಯನ್ನು, ತೆಗೆಯಬೇಕು ಎಂಬ ನಿಯಮ ಬರೆದವನು ನಾನೇ. ಬಹಳ ಹೊತ್ತು ಯಾರೂ ಮುಟ್ಟದ ಪುಟ ಹೊರಗೆ. ಅದರಲ್ಲಿ ಹೊಸದೇನಾದರೂ ಬರೆದಿದ್ದರೆ ಮೊದಲು ಡ್ರಮ್ಮಿಗೆ ನಕಲು ಮಾಡಬೇಕು. ಬರೆದಿಲ್ಲವೆಂದರೆ ಸುಮ್ಮನೆ ಬಿಸಾಡಬಹುದು, ಹಳೆಯ ಪ್ರತಿ ಡ್ರಮ್ಮಿನಲ್ಲಿ ಇದ್ದೇ ಇದೆ. ಅದಕ್ಕೆ ಪ್ರತಿ ಪುಟಕ್ಕೂ ಎರಡು ಗುರುತು: ಮುಟ್ಟಿದ್ದು, ಬರೆದದ್ದು. ಮುಟ್ಟಿದ ಗುರುತನ್ನು ಆಗಾಗ ಒರೆಸಿ ಹೊಸದಾಗಿ ಎಣಿಸಬೇಕಿತ್ತು. ನಾನು ಅವಸರದಲ್ಲಿ ಎರಡನ್ನೂ ಒರೆಸುವಂತೆ ಬರೆದಿದ್ದೆ. ಮ್ಯೂರಿಯಲ್‌ಳ ಉದ್ದದ ಲೆಕ್ಕದಲ್ಲಿ ಒಮ್ಮೆ ಬರೆದ ಪುಟ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿತ್ತು. ಬರೆದ ಗುರುತು ಅಳಿಸಿಹೋಗಿ ಅವಳ ಹೊಸ ಅಂಕಿಗಳು ಕಸಕ್ಕೆ ಹೋಗಿ ಹಳೆಯವು ವಾಪಸು ಬರುತ್ತಿದ್ದವು.

ಇದು ನನಗೆ ಗೊತ್ತಾದದ್ದು ಮೂರನೇ ವಾರದ ಮಂಗಳವಾರ. ಹೇಳಲಿಲ್ಲ. ನನ್ನ ನಿಯಮವನ್ನು ‘ಆಗ್ಡೆನ್ ನಿಯಮ’ ಎಂದು ಕ್ಲೆಗ್ ಊರೆಲ್ಲ ಹೊಗಳಿಕೊಂಡು ತಿರುಗುತ್ತಿದ್ದರು. ಶುಕ್ರವಾರ ಮ್ಯೂರಿಯಲ್ ತಟ್ಟೆ ಹಿಡಿದು ಬಂದಾಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ದೊಡ್ಡ ತುಂಡು ನನಗೇ ಕೊಟ್ಟಳು. ಛೀ, ಅದನ್ನೂ ತಿಂದೆ.

ಸೋಮವಾರ ಅವಳನ್ನು ಹಳೆಯ ಕೋಣೆಗೆ ಕಳಿಸಿದರು. ಮರುದಿನ ನನ್ನ ನಿಯಮದಲ್ಲಿ ನಾನು ತಿದ್ದಿದ ಎರಡು ಸಾಲನ್ನು ತೂತು ಹೊಡೆಯುವ ಬುಟ್ಟಿಯಲ್ಲಿ, ಬೇರೆ ಹಾಳೆಗಳ ನಡುವೆ ತುರುಕಿದೆ. ಅಲ್ಲಿ ಆರು ಮಂದಿ ಹುಡುಗಿಯರಿದ್ದರು, ಅದು ಅವಳ ಕೈಗೇ ಸಿಗುತ್ತದೆಂದು ಯಾರಿಗೆ ಗೊತ್ತು?

ಶುಕ್ರವಾರ ಚಹಾದ ಹೊತ್ತಿಗೆ ಅವಳು ಒಳಗೆ ಬಂದು ಪಟ್ಟಿಯ ಸುರುಳಿಯನ್ನು ನನ್ನ ಕಪ್ಪಿನ ಪಕ್ಕ ಇಟ್ಟಳು.

"ಎರಡೇ ಸಾಲು, ಆಗ್ಡೆನ್. ಓದ್ಕೊಂಡೇ ತೂತು ಹೊಡೆದೆ. ಈ ವಾರ ಕೇಕು ತರೋ ಸರದಿ ಯಾರ್ದು?"

ಎಲ್ಲರೂ ತಿರುಗಿ ನೋಡಿದರು.

"ನಂದು," ಎಂದೆ. "ಹಿಂದಿನ ಮೂರು ವಾರದ್ದೂ ನಂದೇ."

ಅವಳ ಕುರ್ಚಿ ಅವಳಿಗೆ ಮರಳಿ ಸಿಕ್ಕಿತು. ತಪ್ಪನ್ನು ತಾನಾಗಿ ಒಪ್ಪಿಕೊಂಡ ಗಂಡಸು ಎಂದು ಕ್ಲೆಗ್ ನನ್ನ ಬೆನ್ನು ತಟ್ಟಿದರು. ಅವಳು ಕೇಳದಿದ್ದರೆ ನಾನು ಹೇಳುತ್ತಿರಲಿಲ್ಲ ಎಂಬುದು ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತು. ಮುಂದಿನ ಶುಕ್ರವಾರ ನಾನು ಕೇಕು ತಂದೆ. ಎಲ್ಲರೂ ತಿಂದರು. ಮ್ಯೂರಿಯಲ್ ಮಾತ್ರ, ಹೊಟ್ಟೆ ತುಂಬಿದೆ ಎಂದಳು.