ಲಾಭದ ವರ್ಷ

ಕುಮುದಿನಿ ಗಂಜಿಯ ತಿಳಿ ಬಸಿಯುತ್ತಿದ್ದಳು. ಮಗಳು ಲಕ್ಷ್ಮೀ ಒಲೆಯ ಬಳಿ ಬಂದು ನಿಂತಳು.

"ಅಮ್ಮ, ಎಷ್ಟು ಕರೆದರೂ ಅಜ್ಜ ಏಳುವುದಿಲ್ಲ."

ತಿಳಿ ಒಲೆಗೆ ಚೆಲ್ಲಿ ಬೂದಿ ಎದ್ದಿತು.

ಅಪ್ಪ ದೂಮಪ್ಪ ಜಗಲಿಯ ಚಾಪೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಪೇಟೆಯ ಸಣ್ಣ ಬೇಂಕೊಂದರ ಜವಾನ. ಮುಟ್ಟಿದರೆ ಮೈ ತಣ್ಣಗಿತ್ತು.

ಬಿಸಿಲೇರಿದರೂ ಅಂಗಳಕ್ಕೆ ಯಾರೂ ಕಾಲಿಡಲಿಲ್ಲ. ಬೋಳಾರದ ಆ ಕೇರಿಯ ಮೀನುಗಾರರು ಬೇಲಿಯಾಚೆಯೇ ನಿಂತಿದ್ದರು. ಹೆಣ ಹೊರಬೇಕಾದವರು ಕೇರಿಯವರು. ಕೂಲಿ ಕೊಟ್ಟು ಹೊರಿಸುವ ಕ್ರಮ ಇಲ್ಲ. ಕುಮುದಿನಿಯೇ ಬೇಲಿಯ ಹತ್ತಿರ ಹೋದಳು.

"ಕಿಟ್ಟಣ್ಣ, ಚಟ್ಟ ಕಟ್ಟಬೇಕು."

ದೋಣಿಯ ಕಿಟ್ಟು ನೆಲ ನೋಡಿದ. "ನಿನ್ನಪ್ಪನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗ್ತದೆ, ತಂಗಿ."

"ಬೇಂಕಿನವರೇ ಹೊರಲಿ ಮಾರಾಯ್ತಿ," ಎಂದಳು ಮೀನು ಮಾರುವ ಬಾಗಿ. "ಅವರ ಕೊಡೆಯನ್ನು ಇವ ಎಷ್ಟು ವರ್ಷ ಹಿಡಿದಿದ್ದಾನೆ."

*

ಬಾಗಿಯ ದುಡ್ಡು ಮೊದಲು ಉಪ್ಪಿನ ಭರಣಿಯಲ್ಲಿತ್ತು. ಕಿಟ್ಟುವಿನದು ಹುಲ್ಲುಮಾಡಿನ ಸಂದಿಯಲ್ಲಿ. ದೂಮಪ್ಪ ಖಾಕಿ ಅಂಗಿ ತೊಟ್ಟು ಮನೆಮನೆಗೆ ಹೋಗಿ, "ನನ್ನ ಬೇಂಕು ಉಂಟಲ್ಲ, ಬಡ್ಡಿ ಬೆಳೀತದೆ" ಎಂದಿದ್ದ. ಅವನ ಮಾತನ್ನೇ ಜಾಮೀನೆಂದು ನಂಬಿ ಎಲ್ಲರೂ ಕೊಟ್ಟಿದ್ದರು.

ಈ ಸಲ, ಮೂವತ್ತೆಂಟನೆಯ ಇಸವಿಯ ಬೇಂಕಿನ ಮಹಾಸಭೆಯಲ್ಲಿ ಅವನು ಸೋಡಾ ಹಂಚುತ್ತಿದ್ದ. ಠೇವಣಿದಾರರಿಗೆ ಕೊಡಬೇಕೆಂದು ತೆಗೆದಿರಿಸಿದ್ದ ಬಡ್ಡಿಯನ್ನು ದೊಡ್ಡವರು ಅವನ ಕಣ್ಣೆದುರೇ ಅರ್ಧಕ್ಕೆ ಇಳಿಸಿದರು, ಅದೂ ಕಳೆದುಹೋದ ವರ್ಷಕ್ಕೆ. ಮಿಕ್ಕ ಅರ್ಧ ಲಾಭವಾಯಿತು. ಪಾಲುದಾರರು ಚಪ್ಪಾಳೆ ತಟ್ಟಿದರು. ಮರುದಿನ ಕೇರಿಗೆ ಹೋಗಿ ಸುದ್ದಿ ಹೇಳುವ ಕೆಲಸ ದೂಮಪ್ಪನದೇ ಆಯಿತು.

"ಕೊಡಬೇಕಾದ್ದನ್ನು ಕೊಡದೆ ಇಟ್ಟುಕೊಂಡರೆ ಅದಕ್ಕೆ ಲಾಭ ಅಂತ ಹೇಳ್ತಾರೆ, ಕುಮುದಿ," ಎಂದವನು ಗಂಜಿ ಮುಟ್ಟಲಿಲ್ಲ. ಆಮೇಲೆ ಕೇರಿಯಲ್ಲಿ ಅವನ ಬೀಡಿಗೆ ಬೆಂಕಿ ಕೊಡುವವರೂ ಇರಲಿಲ್ಲ. "ಯಾಕಮ್ಮ?" ಎಂದು ಲಕ್ಷ್ಮೀ ಬಾಯಿ ತೆರೆದಾಗಲೆಲ್ಲ ಕುಮುದಿನಿ ಗದರಿಸಿ ಸುಮ್ಮನಿರಿಸಿದ್ದಳು.

*

ಮಧ್ಯಾಹ್ನ ಜಟಕಾದಿಂದ ಬೇಂಕಿನ ಸೆಕ್ರೆಟರಿ ಇಳಿದರು. ಕೈಯಲ್ಲಿ ಹಾರ. ಬೂಟು ಕಳಚದೆಯೇ ಹೆಣದ ತಲೆಯ ಬಳಿಗೆ ಬಂದರು.

"ದೂಮಪ್ಪ ನಿಯತ್ತಿನ ಮನುಷ್ಯ. ಅಂಥವರಿಂದಲೇ ಬೇಂಕಿಗೆ ಈ ವರ್ಷ ಎಂದೂ ಇಲ್ಲದ ಲಾಭ. ನೀವೆಲ್ಲ ಹೆಮ್ಮೆಪಡಬೇಕು."

ಬೇಲಿಯಾಚೆ ಯಾರೋ ಉಗುಳಿದರು.

ಕುಮುದಿನಿ ಇಬ್ಬರನ್ನೂ ನೋಡಿದಳು. ಬೈಗುಳ ತಿಂದವನು ಚಾಪೆಯ ಮೇಲಿದ್ದಾನೆ. ತಿನ್ನಿಸಿದವರು ಶಾಲು ಸರಿಪಡಿಸಿಕೊಳ್ಳುತ್ತಿದ್ದಾರೆ. ಪಕ್ಕದಲ್ಲಿ ಲಕ್ಷ್ಮೀ ಮಿಸುಕಿದಳು. ಮಗಳ ಬಾಯಿಯತ್ತ ಹೊರಟ ಕೈಯನ್ನು ಕುಮುದಿನಿ ಅವಳ ಹೆಗಲ ಮೇಲೆ ಇಟ್ಟಳು.

"ಅಷ್ಟು ಲಾಭ ಬಂದದ್ದಾದರೆ..." ಎಂದಳು ಲಕ್ಷ್ಮೀ, ಮೆಲ್ಲಗೆ.

ಸೆಕ್ರೆಟರಿ ಕೇಳಿಸದವರಂತೆ ಹಾರದ ಸಿಕ್ಕು ಬಿಡಿಸತೊಡಗಿದರು.

ಕಿಟ್ಟು ಬೇಲಿ ದಾಟಿ ಅಂಗಳಕ್ಕಿಳಿದ. ತಲೆಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿ ನಾಲ್ಕು ಮಡಿಕೆ ಮಾಡಿ, ಹೊರೆ ಹೊರುವವರ ಹಾಗೆ ಹೆಗಲಿಗೆ ಹಾಕಿಕೊಂಡಿದ್ದ. ಅವನ ಹಿಂದೆ ಇನ್ನೂ ಮೂವರು.

"ಪೂರ್ತಿ ಕೇಳು ಮಗಾ," ಎಂದ. "ಅವರಿಗೆ ಕೇಳಿಸಲಿಲ್ಲ."

ಲಕ್ಷ್ಮೀ ತಾಯಿಯ ಮುಖ ನೋಡಿದಳು. ಮತ್ತೆ ತಲೆಯೆತ್ತಿ, ಬೇಲಿಯಾಚೆಗೂ ಮುಟ್ಟುವಂತೆ ಕೇಳಿದಳು:

"ಅಷ್ಟು ಲಾಭ ಬಂದದ್ದಾದರೆ, ಬಾಗಿ ದೊಡ್ಡಮ್ಮನ ಬಡ್ಡಿ ಪೂರ್ತಿ ಯಾಕೆ ಕೊಡಲಿಲ್ಲ?"