ಜೋಳದ ತೆನೆಯ ಪ್ರಾರ್ಥನಾ ಪುಸ್ತಕ

ಗೋಕಾಕದ ಹೊಳೆದಂಡೆಯ ಚಿಕ್ಕ ಚರ್ಚಿನಲ್ಲಿ ಒಂದು ಕೈಬರಹದ ಪ್ರಾರ್ಥನಾ ಪುಸ್ತಕವಿತ್ತು. ಬರೆದವನು ಎಸ್ತೇರವ್ವನ ಮುತ್ತಜ್ಜ. ಇಂಥ ಪುಸ್ತಕಗಳಿಗೆ ಬಿಡಿಸುವ ದ್ರಾಕ್ಷಿಬಳ್ಳಿಯನ್ನು ಎಂದೂ ಕಾಣದ ಅವನು ಪುಟಗಳ ಅಂಚಿಗೆ ಜೋಳದ ತೆನೆಗಳನ್ನು ಬಣ್ಣದಲ್ಲಿ ಬಿಡಿಸಿದ್ದ. ಶನಿವಾರ ಚರ್ಚು ಗುಡಿಸಲು ಬಂದಾಗ ಎಸ್ತೇರವ್ವ ಅದನ್ನೊಮ್ಮೆ ತೆರೆದು ನೋಡದೆ ಮನೆಗೆ ಹೋಗುತ್ತಿರಲಿಲ್ಲ.

ಆ ಮಳೆಗಾಲ ಘಟಪ್ರಭೆ ಉಕ್ಕಿ ಚರ್ಚಿನೊಳಗೆ ಎದೆಮಟ್ಟ ನೀರು ನಿಂತಿತು. ನೀರಿಳಿದ ಮೇಲೆ ಅವಳೂ ಸಭಾಪಾಲಕ ದೇವಪುತ್ರರೂ ಪುಸ್ತಕವಿದ್ದ ಕಪಾಟಿನ ಬಾಗಿಲು ಮುರಿದು ತೆಗೆದರು. ಪ್ರಭುಭೋಜನದ ಬೆಳ್ಳಿ ಬಟ್ಟಲನ್ನು ತೊಳೆದರೆ ಸಾಕಿತ್ತು. ಪುಸ್ತಕ ಮಾತ್ರ ನೆನೆದು ಉಬ್ಬಿತ್ತು.

ಸಭಾಪಾಲಕರು ಧಾರವಾಡದಲ್ಲಿ ಹಸ್ತಪ್ರತಿ ಕಾಪಾಡುವ ಒಬ್ಬರಿಗೆ ಫೋನ್ ಮಾಡಿದರು.

“ಪುಟ ಬಿಡಿಸಬ್ಯಾಡ್ರಿ. ಲಗೂನ ಬರ್ಫದಾಗ ಇಡ್ರಿ, ಇಲ್ಲಂದ್ರ ಬೂಸ್ಟು ಹಿಡಿತೈತಿ,” ಎಂದರು ಅವರು.

“ಊರಾಗ ಕರೆಂಟ ಇಲ್ರಿ. ಬರ್ಫ ಎಲ್ಲಿಂದ ತರೂನು?” ಎಂದರು ಸಭಾಪಾಲಕರು.

ಹೊಳೆಯಾಚೆಯ ಹುಕ್ಕೇರಿಯಲ್ಲಾದರೂ ಸಿಕ್ಕೀತೆಂದು ಎಸ್ತೇರವ್ವ ಪುಸ್ತಕವನ್ನು ಸೀರೆಯಲ್ಲಿ ಸುತ್ತಿಕೊಂಡು ಹೊರಟಳು. ಸೇತುವೆಯ ಬಳಿ ಪೊಲೀಸನೊಬ್ಬ ಅಡ್ಡ ನಿಂತ. ಅವಳು ಪುಸ್ತಕ ತೋರಿಸಿದಳು.

“ಮ್ಯಾಲೆ ಇನ್ನೂ ನೀರು ಹರ್ಯಾಕತ್ತೈತಿ, ಯವ್ವಾ. ಜೀವಕ್ಕಿಂತ ಪುಸ್ತಕ ದೊಡ್ಡದೇನ?”

ಎಸ್ತೇರವ್ವ ಹಿಂದಿರುಗಿ ಚರ್ಚಿನ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಪುಸ್ತಕಕ್ಕೆ ಗಾಳಿ ಬೀಸಿದಳು. ತೇವದ ಗಾಳಿಗೆ ಏನೂ ಒಣಗಲಿಲ್ಲ.

ಕೆಲವು ದಿನಗಳ ಮೇಲೆ ಕರೆಂಟು ಬರುವ ಹೊತ್ತಿಗೆ ಪುಸ್ತಕಕ್ಕೆ ಕಪ್ಪು ಬೂಸ್ಟು ಹತ್ತಿತ್ತು. ಸಭಾಪಾಲಕರು ಮೆಲ್ಲಗೆ ತೆರೆದರು. ತೆನೆಯ ಬಣ್ಣ ಅಕ್ಷರಗಳ ಮೇಲೆ ಹರಿದಿತ್ತು. ಮುಟ್ಟಿದಲ್ಲಿ ಕಾಗದ ಬೆರಳಿಗೇ ಅಂಟಿ ಬಂತು.

“ಮುಚ್ಚರಿ ಅಯ್ಯನವ್ರ, ನನಗ ನೋಡಾಕ ಆಗವಲ್ದು,” ಎಂದಳು ಎಸ್ತೇರವ್ವ.

ಅವರು ಮುಚ್ಚಲು ನೋಡಿದರು. ಉಬ್ಬಿದ ಪುಸ್ತಕ ಮುಚ್ಚಿಕೊಳ್ಳಲಿಲ್ಲ.