ಸ್ಟೇಕ್‌ಹೋಲ್ಡರ್ ಅತ್ತೆ

ಬೇರೆಯವರ ಕೈಯಲ್ಲಿ ಸ್ಪ್ಯಾನರ್ ಕಂಡರೆ ಲಿಫ್ಟ್ ಅಕ್ಕನಿಗೆ ತಡೆಯುವುದಿಲ್ಲ. ಲಿಫ್ಟ್ ಜೋಡಿಸುವ ಕಂಪನಿಯಲ್ಲಿ ಅವಳು ಸೂಪರ್‌ವೈಸರ್. ಕೆಲಸದವರು ಒಂದು ನಟ್ಟು ಬಿಗಿಯಲು ತಿಣುಕಾಡುತ್ತಿದ್ದರೆ ‘ಸರಿ ಆಚೆ’ ಎಂದು ಸ್ಪ್ಯಾನರ್ ಕಸಿದುಕೊಂಡು ತಾನೇ ಬಿಗಿಯುವ ಪೈಕಿ. ಈ ಗುಣಕ್ಕೆ ಸೈಟಿನಲ್ಲಿ ಶಹಭಾಸ್ ಸಿಗುತ್ತಿತ್ತು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪರೀಕ್ಷೆಯಲ್ಲಿ ಮಾತ್ರ ಸೊನ್ನೆ ಸಿಕ್ಕಿತ್ತು.

ಆ ಪರೀಕ್ಷೆಯ ಸರ್ಟಿಫಿಕೇಟ್ ಇಲ್ಲದೆ ಗತಿಯಿರಲಿಲ್ಲ. ದೊಡ್ಡಾಸ್ಪತ್ರೆಯ ಹೊಸ ಕಟ್ಟಡಕ್ಕೆ ಲಿಫ್ಟ್ ಕೂರಿಸುವ ಕೆಲಸ ಕಂಪನಿಗೆ ಬಂದಿತ್ತು. ಸರ್ಟಿಫಿಕೇಟ್ ಇರುವವರೇ ಅದರ ಮುಂದಾಳಾಗಬೇಕೆಂಬುದು ಆಸ್ಪತ್ರೆಯವರ ಷರತ್ತು. ಅಕ್ಕ ಒಮ್ಮೆ ಬರೆದು ಡುಮ್ಕಿ ಹೊಡೆದಾಗಿತ್ತು. ಈ ಸಲವೂ ಹೋದರೆ ಹೊರಗಿನವರನ್ನು ಕರೆತರುತ್ತೇನೆ ಎಂದು ಬಾಸ್ ಹೇಳಿಬಿಟ್ಟಿದ್ದರು. ಬೆವರು ಸುರಿಸಿ ಕಲಿತ ಕೆಲಸದಲ್ಲಿ ನಿನ್ನೆ ಮೊನ್ನೆ ಬಂದವರ ಮುಂದೆ ಕೈಕಟ್ಟಿ ನಿಲ್ಲುವುದನ್ನು ನೆನೆದರೇ ಅಕ್ಕನ ಮೈ ಉರಿಯುತ್ತಿತ್ತು.

ಮನೆಯಲ್ಲಿ ಪ್ರಶ್ನೆ ಕೇಳುವ ಹೊಣೆ ಅತ್ತೆಯದು. ಗಂಡ ದೂರದೂರಿಗೆ ಬಸ್ ಓಡಿಸುವವನು, ಮನೆಯಲ್ಲಿದ್ದಾಗಲೆಲ್ಲ ಗೊರಕೆ. ಅತ್ತೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಪರೀಕ್ಷೆಯ ಪ್ರಶ್ನೆಯನ್ನೂ ಆರೋಪ ಓದಿ ಹೇಳುವ ಗತ್ತಿನಲ್ಲೇ ಓದುತ್ತಿದ್ದರು.

“ಗ್ರಾಹಕರು ಕೆಲಸ ಸರಿಯಿಲ್ಲ ಅಂತ ದೂರಿದ್ದಾರೆ. ಮ್ಯಾನೇಜರ್ ಮೊದಲು ಏನು ಮಾಡಬೇಕು?”

“ಹೋಗಿ ಸರಿ ಮಾಡ್ಬೇಕು.”

“ತಪ್ಪು. ಕೂತು ಮಾತಾಡ್ಬೇಕಂತೆ.”

“ಎಲ್ಲಾರೂ ಮಾತಾಡ್ತಾ ಕೂತ್ರೆ ಕೆಲಸ ಯಾರು, ಪುಸ್ತಕ ಬರೆದವರಪ್ಪ ಮಾಡ್ತಾನಾ?”

“ಹಾಗಂತ ಇಲ್ಲಿ ಬರೆದಿಲ್ಲ,” ಎಂದು ಅತ್ತೆ ಹಾಳೆ ತಿರುವಿದರು.

ಆ ಪುಸ್ತಕದಲ್ಲಿ ಮಾತೆತ್ತಿದರೆ ‘ಸ್ಟೇಕ್‌ಹೋಲ್ಡರ್’. ಅದು ಯಾರೆಂದು ಅತ್ತೆ ವಿಚಾರಿಸಿದರು. ಕೆಲಸ ಕೆಟ್ಟರೆ ಯಾರಿಗೆಲ್ಲ ಬಿಸಿ ತಟ್ಟುತ್ತದೋ ಅವರು ಎಂದಳು ಅಕ್ಕ.

“ಹಾಗಾದ್ರೆ ಈ ಮನೇಲಿ ನಾನೇ.”

ಅಂದಿನಿಂದ ಬಿರುದು ಅಂಟಿಕೊಂಡಿತು. “ಸ್ಟೇಕ್‌ಹೋಲ್ಡರ್‌ಗೆ ಟೀ ಪುಡಿ ಎಟುಕ್ತಿಲ್ಲ” ಎಂದು ಅಡುಗೆಮನೆಯಿಂದ ಕೂಗು ಬಂದರೆ ಅಕ್ಕ ಪುಸ್ತಕ ಮಗುಚಿಟ್ಟು ಹೋಗಿ ಡಬ್ಬಿ ಇಳಿಸಿಕೊಡಬೇಕು. ಇಳಿಸಿಕೊಟ್ಟ ಕೂಡಲೇ ಅತ್ತೆ ಯಾವುದೋ ಹಳೇ ಕೇಸಿನ ಕಥೆ ತೆಗೆಯುವರು. ಅಕ್ಕ ಹೂಂ ಹೂಂ ಎನ್ನುತ್ತ ಅರ್ಧಕ್ಕೇ ಜಾಗ ಖಾಲಿ ಮಾಡುವಳು.

ಪರೀಕ್ಷೆಯ ಹಿಂದಿನ ಸಂಜೆ ಮತ್ತೆ ಮತ್ತೆ ಅದೇ ಕೂಗು ಬಂದಾಗ ಅಕ್ಕನ ತಲೆ ಕೆಟ್ಟಿತು. ಟೀ ಡಬ್ಬಿ ಇಡುವ ಆ ಶೆಲ್ಫನ್ನು ಗೋಡೆಗೆ ಬಡಿದವಳು ಅವಳೇ, ಅದೂ ತನ್ನ ಎತ್ತರಕ್ಕೆ. ಅತ್ತೆ ಕುಳ್ಳಗಿದ್ದಾರೆಂಬುದು ಇಷ್ಟು ವರ್ಷ ಹೊಳೆದೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಸೀದಾ ಹೋಗಿ ಡ್ರಿಲ್ಲಿಂಗ್ ಮಷೀನ್ ತಂದಳು.

“ಏನಿದು?”

“ಶೆಲ್ಫ್ ಕೆಳಗಿಳಿಸ್ತೀನಿ ಅತ್ತೆ. ಚಿಟಿಕೆ ಹೊಡೆಯೋದ್ರಲ್ಲಿ ಆಗೋಗತ್ತೆ.”

ಅತ್ತೆ ಮಷೀನಿನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡರು. “ಸ್ಟೇಕ್‌ಹೋಲ್ಡರ್ ದೂರಿದ್ದಾರೆ. ಮ್ಯಾನೇಜರ್ ಮೊದಲು ಏನು ಮಾಡಬೇಕು?”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮಷೀನ್ ಪಕ್ಕಕ್ಕಿಟ್ಟು ಕೂತಳು. “ಆಯ್ತು, ಕೇಳ್ತೀನಿ. ಎಷ್ಟು ಕೆಳಗಿರ್ಬೇಕು?”

“ಅಲ್ಲೇ ಇರ್ಲಿ.”

“ಡಬ್ಬಿ ಎಟುಕಲ್ಲ ಅಂತೀರಲ್ಲ?”

“ಸ್ಟೂಲ್ ಹತ್ತಿ ಅದನ್ನ ಅಲ್ಲಿ ಇಡೋಳೇ ನಾನು,” ಎಂದರು ಅತ್ತೆ, ಪ್ಲಗ್ಗನ್ನೇ ನೋಡುತ್ತ. “ಅವನು ಮಲಗಿರ್ತಾನೆ, ನೀನು ಸೈಟಲ್ಲಿರ್ತೀಯ. ಮನೇಲಿದ್ರೂ ಏನಾದ್ರೂ ಬಿಚ್ತಾ ಇರ್ತೀಯ. ಕೆಲಸ ಅಂತ ಕರೆದ್ರೆ ಬರ್ತೀಯ. ಡಬ್ಬಿ ಇಳಿಸಿ ಒಂದು ಗಳಿಗೆ ನಿಲ್ತೀಯ.”

ಅಕ್ಕ ಮಷೀನನ್ನು ಎತ್ತಿ ಒಳಗಿಟ್ಟು ಬಂದಳು. ಶೆಲ್ಫ್ ಇಳಿಸಿದ್ದರೆ ಕೆಲಸವೇನೋ ಅಚ್ಚುಕಟ್ಟಾಗಿಯೇ ಆಗುತ್ತಿತ್ತು. ಅತ್ತೆ ಮಾತ್ರ ಇನ್ನಷ್ಟು ಒಂಟಿಯಾಗುತ್ತಿದ್ದರು. ಆ ಸಂಜೆ ಅವಳು ಮತ್ತೆ ಪುಸ್ತಕ ಮುಟ್ಟಲಿಲ್ಲ. ಒಂದು ಬಾಗಿಲಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತಿದ ಕೇಸನ್ನು ಮೊದಲ ಬಾರಿಗೆ ಕೊನೆತನಕ ಕೇಳಿದಳು. ಬಾಗಿಲನ್ನೇ ಸಾಕ್ಷಿಯೆಂದು ಹೊತ್ತು ತಂದ ತಮ್ಮ ಅದು ಕೋರ್ಟಿನ ಬಾಗಿಲಲ್ಲಿ ತೂರದೆ ಪಟ್ಟ ಪಾಡು ಕೇಳಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ಮರುದಿನ ಕಂಪ್ಯೂಟರ್ ಮುಂದೆ ಕೂತಾಗ ಅಕ್ಕನ ಕೈ ಹಳೇ ಚಾಳಿಯಂತೆ ‘ತಾನೇ ಸರಿಪಡಿಸುವುದು’ ಎಂಬ ಉತ್ತರದ ಕಡೆಗೇ ಓಡುತ್ತಿತ್ತು. ಅಷ್ಟರಲ್ಲಿ ಪ್ಲಗ್ ಹಿಡಿದು ನಿಂತ ಅತ್ತೆ ಕಣ್ಣ ಮುಂದೆ ಬರುವರು. ಆಮೇಲೆ ಆಮೇಲೆ ಉತ್ತರ ಹುಡುಕಬೇಕಾಗಿಯೇ ಬರಲಿಲ್ಲ. ಕೊನೆಗೆ ಪರದೆಯ ಮೇಲೆ ‘ಪಾಸ್’ ಎಂದು ಬಂದಾಗ ನಂಬಿಕೆಯಾಗದೆ ಕಣ್ಣುಜ್ಜಿ ಮತ್ತೊಮ್ಮೆ ಓದಿದಳು.

ಸುದ್ದಿ ಕೇಳಿ ಬಾಸ್ ಫೋನಿನಲ್ಲೇ ಹಿರಿಹಿರಿ ಹಿಗ್ಗಿದರು. “ಆಸ್ಪತ್ರೆ ಕೆಲಸ ನಿಮ್ದೇ. ಈಗ್ಲೇ ಹೋಗಿ ಅಳತೆ ಶುರು ಮಾಡಿಬಿಡಿ.”

“ಅಳತೆ ಆಮೇಲೆ ಸಾರ್. ನಾಳೆ ಮೊದಲು ಅಲ್ಲಿ ಸ್ಟ್ರೆಚರ್ ತಳ್ಳೋರ ಹತ್ರ ಮಾತಾಡ್ತೀನಿ. ಇವತ್ತು ಮನೆಗೆ ಹೋಗ್ಬೇಕು.”

“ಯಾಕೆ, ಮನೇಲಿ ಏನಾದ್ರೂ ಕೆಲಸ ಇತ್ತಾ?”

“ಕೆಲಸ ಏನೂ ಇಲ್ಲ ಸಾರ್,” ಎಂದಳು ಅಕ್ಕ. “ಅತ್ತೆ ಜೊತೆ ಕೂತ್ಕೋಬೇಕು, ಅಷ್ಟೇ.”